ಖೊಟ್ಟಿ ಕಲ್ಲಿಗೆ ಬಿಸಿ ಸೂಜಿ

ನನ್ನ ಮೇಜಿನ ಮೇಲೆ, ಕಾಗದ ಹಾರಿಹೋಗದಿರಲಿ ಎಂದು ಇಟ್ಟ ಒಂದು ಕಲ್ಲಿದೆ. ಅದರ ಬೆನ್ನ ಮೇಲೆ ಅಂಗೈಯಗಲದ ಹುಳುವೊಂದು, ದೂರದಿಂದ ಹರಿದು ಬಂದು ಈಗತಾನೆ ದಣಿವಾರಿಸಿಕೊಳ್ಳುತ್ತಿರುವಂತೆ ಕೂತಿದೆ. ಮನೆಗೆ ಹೊಸದಾಗಿ ಬಂದವರು ಅದನ್ನು ನೋಡಿ, "ಏನ್ರೀ ಸರ, ಜಿರಳಿ ಸತ್ತು ಕಲ್ಲಾಗೇದೇನು?" ಎಂದು ಕೇಳುತ್ತಾರೆ. "ಇದು ಟ್ರೈಲೊಬೈಟ್ ರೀ. ಡೈನೋಸಾರ್ ಹುಟ್ಟೂಕಿಂತ ಎಷ್ಟೋ ಮೊದಲ ಸಮುದ್ರದ ತಳದಾಗ ಅಡ್ಡಾಡತಿತ್ತು" ಎನ್ನುತ್ತೇನೆ. ಅವರ ಕಣ್ಣುಗಳು ಅಗಲವಾಗುತ್ತವೆ. ಅವು ಸಾಕಷ್ಟು ಅಗಲವಾದ ಮೇಲೆ, "ಆದ್ರ ಇದು ಖೊಟ್ಟಿ" ಎಂದು ಸೇರಿಸುತ್ತೇನೆ. ಆಗ ಅವರು ಕಲ್ಲನ್ನು ಬಿಟ್ಟು ನನ್ನನ್ನು ನೋಡತೊಡಗುತ್ತಾರೆ. ಖರೇದೆಂದು ನಂಬಿ ಮೋಸಹೋದವನ ಮೇಲೆ ಜನರಿಗೆ ಕನಿಕರವಿರುತ್ತದೆ. ಖೊಟ್ಟಿಯೆಂದು ಗೊತ್ತಿದ್ದೂ ದಿನಾ ಧೂಳು ಒರೆಸಿ ಇಟ್ಟುಕೊಂಡವನ ಬಗ್ಗೆ ಏನಿರಬೇಕೋ ಅವರಿಗೆ ತಿಳಿಯುವುದಿಲ್ಲ.

ಈ ಪಳೆಯುಳಿಕೆಯ ಹುಚ್ಚು ನನಗೆ ಹತ್ತಿದ್ದು ನೆಲದಿಂದ. ಸೇಡಂನ ನಮ್ಮ ಮನೆಯ ಪಡಸಾಲೆಗೆ ಶಹಾಬಾದ್ ಫರಸಿಕಲ್ಲು ಹಾಸಿತ್ತು. ನಮ್ಮ ಸೀಮೆಯಲ್ಲಿ ಫರಸಿ ಇಲ್ಲದ ಮನೆ ಯಾವುದಿದೆ ಹೇಳಿ? ನೆಲಕ್ಕೆ ಫರಸಿ, ಕಟ್ಟೆಗೆ ಫರಸಿ, ಅಡುಗೆಮನೆಯ ಮಾಡಕ್ಕೆ ಫರಸಿ, ಬಡವರ ಮನೆಯ ಮಾಳಿಗೆಗೂ ಫರಸಿ. ತೊಂಬತ್ತರ ದಶಕದ ಆ ಬೇಸಿಗೆಗಳಲ್ಲಿ ಕರೆಂಟು ಹೋದಾಗ ಅಂಗಿ ಬಿಚ್ಚಿ ಬರಿ ಹೊಟ್ಟೆಯಲ್ಲಿ ನೆಲದ ಮೇಲೆ ಬೋರಲು ಬೀಳುತ್ತಿದ್ದೆ. ಮೈ ತಾಗಿ ಒಂದು ಫರಸಿ ಬೆಚ್ಚಗಾಯಿತೆಂದರೆ ಹಲ್ಲಿಯ ಹಾಗೆ ಪಕ್ಕದ ಫರಸಿಗೆ ಸರಿಯುವುದು. ಹಾಗೆ ಸರಿಯುತ್ತ ಸರಿಯುತ್ತ ಬಾಗಿಲ ಹತ್ತಿರದ ಫರಸಿಗೆ ಬಂದರೆ ಅಲ್ಲೊಂದು ಗಿಡ. ಕಲ್ಲಿನೊಳಗೆ ಕಪ್ಪು ಶಾಯಿಯಲ್ಲಿ ಬರೆದಂಥ, ಎಳೆ ಎಳೆಯಾಗಿ ಕವಲೊಡೆದ, ಉಗುರಿನಷ್ಟೆತ್ತರದ ಜರಿಗಿಡಗಳ ಸಾಲು. ಅಪ್ಪ ಕನ್ನಡ ಮಾಸ್ತರರು. "ಲಕ್ಷಾಂತರ ವರ್ಷದ ಹಿಂದ ಇಲ್ಲಿ ಅಡವಿ ಇತ್ತು, ಅದು ಮಣ್ಣಾಗ ಸೇರಿ ಕಲ್ಲಾಗೇದ" ಎಂದು ಹೇಳಿಬಿಟ್ಟಿದ್ದರು. ಸೇಡಂನಲ್ಲಿ ಅಡವಿ! ಬೇವಿನ ಮರದ ನೆರಳಿಗೂ ಪಾಳಿ ಹಚ್ಚುವ ಊರಲ್ಲಿ! ನಾನು ಶಾಲೆಯ ಹುಡುಗರನ್ನೆಲ್ಲ ಕರೆತಂದು, ಚಪ್ಪಲಿ ಹೊರಗೆ ಬಿಡಿಸಿ, ನಮ್ಮ ಮನೆಯ ಅಡವಿಯನ್ನು ತೋರಿಸುತ್ತಿದ್ದೆ.

ಆ ಅಡವಿ ಕಡಿದುಬಿದ್ದದ್ದು ನನ್ನ ಮುಂಜಿವಿಯ ಊಟದ ಪಂಕ್ತಿಯಲ್ಲಿ. ಆದಿತ್ಯನಗರದ ಸಿಮೆಂಟು ಕಾರ್ಖಾನೆಯಲ್ಲಿ ಅಪ್ಪನ ಪರಿಚಯದ ಒಬ್ಬ ಸಾಹೇಬರಿದ್ದರು. ಸಿಮೆಂಟಿನ ಕಲ್ಲು ಎಲ್ಲಿ ತೆಗೆಯಬೇಕೆಂದು ನೋಡಿ ಹೇಳುವ ಭೂವಿಜ್ಞಾನಿ. ಅವರನ್ನು ಕೂರಿಸಿದ ಮಣೆಯ ಮುಂದೆಯೇ ಆ ಫರಸಿ. ಮುತ್ತಲ ಎಲೆಯ ಅಂಚು ಸರಿಸಿ, ಬಗ್ಗಿ, ಹೋಳಿಗೆ ಬಡಿಸುತ್ತಿದ್ದವರನ್ನು ತಡೆದು, "ಭಾಳ ಛಲೋ ಅದ" ಎಂದರು. ನಾನು ಹೊಸ ಜನಿವಾರ ತೀಡಿಕೊಳ್ಳುತ್ತ, "ಗಿಡ ರೀ ಅದು, ಕಲ್ಲಾಗಿದ್ದು" ಎಂದೆ.

"ಗಿಡ ಅಲ್ಲಪಾ. ಕಲ್ಲಿನ ಸಂದಿಯೊಳಗ ನೀರು ಇಳದು, ನೀರಿನಾಗಿನ ಮ್ಯಾಂಗನೀಸ್ ಹಿಂಗ ಕವಲ ಕವಲ ಬೆಳೀತದ. ಈ ಕಲ್ಲು ಆಗೂ ಹೊತ್ತಿಗೆ ಭೂಮಿ ಮ್ಯಾಲ ಗಿಡಾನೇ ಹುಟ್ಟಿದ್ದಿಲ್ಲ."

ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ನನಗೆ ಅಂದು ಹೋಳಿಗೆ ಸೇರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ, ಮೋಸ ಮಾಡಲು ಅಲ್ಲಿ ಯಾರೂ ಇರಲೇ ಇಲ್ಲ, ಆದರೂ ಮೋಸಹೋಗಿದ್ದೆ. ಆದರೆ ಕೈತೊಳೆದು ಬಂದು ಮತ್ತೆ ಆ ಫರಸಿಯ ಮುಂದೆ ಕೂತಾಗ ಒಂದು ವಿಚಿತ್ರವಾಯಿತು. ಗಿಡಕ್ಕೆ ಬೇರು ಇರಬೇಕಲ್ಲ, ಎಲೆಗೆ ನಡುನರ ಇರಬೇಕಲ್ಲ ಎಂದು ಹುಡುಕಿದೆ. ಇರಲಿಲ್ಲ. ಅವು ಒಂದು ಬಿರುಕಿನ ಗೆರೆಯಿಂದ ಹೊರಟಿದ್ದವು, ಅಷ್ಟೆ. ಇಷ್ಟು ವರ್ಷ ಹೊಟ್ಟೆ ಹಚ್ಚಿ ಮಲಗಿದ್ದರೂ ಇದನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ ಎನ್ನಿಸಿತು. ಸುಳ್ಳೆಂದು ತಿಳಿದ ಮೇಲೇ ನಾನು ಆ ಕಲ್ಲನ್ನು ಮೊದಲ ಸಲ ಸರಿಯಾಗಿ ನೋಡಿದ್ದು.

ಮುಂದೆ ನಾನು ಚಿತ್ತಾಪುರದಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರನಾದೆ. ಅಷ್ಟರಲ್ಲಿ ಹೊಸ ಶತಮಾನ ಬಂದು, ಜೊತೆಗೆ ಇಂಟರ್ನೆಟ್ಟೂ ಬಂದಿತ್ತು. ನನ್ನ ಕಾಲೇಜಿನ ಗೆಳೆಯ ಸಿದ್ದಣ್ಣ ವಾಡಿ ಜಂಕ್ಷನ್ನಿನ ಎದುರಿಗೆ ನಾಲ್ಕು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಸೆಂಟರ್ ತೆರೆದಿದ್ದ. ಅವನಪ್ಪ ಶಹಾಬಾದಿನಲ್ಲಿ ಫರಸಿ ವ್ಯಾಪಾರಿ. ಕಲ್ಲಿನ ಧೂಳು ಬ್ಯಾಡೆಂದು ಹೊರಬಿದ್ದ ಮಗ, ಭಾನುವಾರಕ್ಕೊಮ್ಮೆ ಪ್ಯಾಸೆಂಜರ್ ಹಿಡಿದು ಬಂದು ಕಂಪ್ಯೂಟರಿನಲ್ಲೂ ಕಲ್ಲನ್ನೇ ನೋಡುವ ನನ್ನಂಥ ಗೆಳೆಯನ ಕೈಗೆ ಸಿಕ್ಕಿಬಿದ್ದಿದ್ದ.

ಜಗತ್ತಿನಲ್ಲಿ ಪಳೆಯುಳಿಕೆಗಳನ್ನು ಹೀಗೆ ಹರಾಜಿಗಿಟ್ಟು ಮಾರುತ್ತಾರೆಂದು ನನಗೆ ಗೊತ್ತಾದದ್ದೇ ಅಲ್ಲಿ. ಒಂದೊಂದು ಚಿತ್ರ ತೆರೆದುಕೊಳ್ಳಲು ಒಂದೊಂದು ಚಹಾ ಹಿಡಿಯುತ್ತಿತ್ತು. ಮೇಲಿನಿಂದ ಅಂಗುಲ ಅಂಗುಲವಾಗಿ ಇಳಿದು ಬರುವ ಮೀನು, ಶಂಖ, ಶಾರ್ಕಿನ ಹಲ್ಲು. ಒಂದು ಭಾನುವಾರ ಹಾಗೆ ಇಳಿದು ಬಂದದ್ದು ಹಳದಿ ಕಲ್ಲಿನಲ್ಲಿ ಕಪ್ಪು ಜರಿಗಿಡ. "ಅತಿ ಪ್ರಾಚೀನ ಸಸ್ಯ" ಎಂದು ಬರೆದಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಸಿದ್ದಣ್ಣಾ, ಇಲ್ಲಿ ನೋಡು. ನಮ್ಮ ಮನಿ ನೆಲಾ ಮಾರ್ಲಿಕತ್ತಾನ ಇವ!"

ಸಿದ್ದಣ್ಣ ಬಗ್ಗಿ ನೋಡಿದ. "ಇಂಥಾವು ನಮ್ಮಪ್ಪನ ಅಂಗಡ್ಯಾಗ ಕಾಲ ಕಾಲಿಗೆ ಬೀಳ್ತಾವ. ಇವಕ್ಕ ಗಿರಾಕಿ ಅದಾರಂದ್ರ ನಾ ಯಾಕ ಇಲ್ಲಿ ಕುಂತೀನಿ ಮಾರಾಯಾ?"

ಒಂದು ಸುಳ್ಳನ್ನು ಕಂಡುಹಿಡಿದವನಿಗೆ ಮುಂದಿನ ಸುಳ್ಳಿಗೆ ಬೀಳುವುದು ಎಷ್ಟು ಸುಲಭ ನೋಡಿ. ಆ ಹೆಮ್ಮೆಯಲ್ಲೇ ಅದೇ ದಿನ, ಸಿದ್ದಣ್ಣನ ಕಾರ್ಡಿನ ಮೇಲೆ, ಮೊರಾಕ್ಕೊ ದೇಶದ ಟ್ರೈಲೊಬೈಟೊಂದನ್ನು ಕೊಂಡೆ. ಚಿತ್ರದಲ್ಲಿ ಅದರ ಒಂದೊಂದು ಮೀಸೆ, ಒಂದೊಂದು ಪಕ್ಕೆ, ಮೂಗಿನ ಮುಂದಿನ ಮುಳ್ಳು ಎಲ್ಲ ಇದ್ದವು. ಎಲ್ಲ ಇದ್ದವು ಎಂಬುದೇ ಅನುಮಾನ ಹುಟ್ಟಿಸಬೇಕಿತ್ತು. ಅಷ್ಟು ಕೋಟಿ ವರ್ಷ ಮಣ್ಣಲ್ಲಿ ಜಜ್ಜಿಸಿಕೊಂಡ ಪ್ರಾಣಿಗೆ ಒಂದು ಕಾಲಾದರೂ ಮುರಿದಿರಬೇಡವೇ?

ಪಾರ್ಸೆಲ್ ಬಂದದ್ದು ಸಿದ್ದಣ್ಣನ ಅಂಗಡಿಗೆ. ಇಬ್ಬರೂ ಸೇರಿ ಬಿಚ್ಚಿದೆವು. ಎತ್ತಿದ ಕೂಡಲೇ ಸಿದ್ದಣ್ಣನ ಮುಖ ಬದಲಾಯಿತು. ಫರಸಿ ಅಂಗಡಿಯಲ್ಲಿ ಬೆಳೆದವನ ಕೈ. "ಹಗರ ಅದಲ್ಲೋ" ಎಂದ. ಕೆನ್ನೆಗೆ ಹಚ್ಚಿಕೊಂಡ. "ತಂಪೂ ಇಲ್ಲ. ಕಲ್ಲು ಹಿಂಗಿರ್ತದೇನು?" ನಾನು ಶಾಲೆಯಿಂದ ತಂದ ಭೂತಗನ್ನಡಿಯಲ್ಲಿ ನೋಡಿದೆ. ಹುಳುವಿನ ಬೆನ್ನ ತುಂಬ ಸೂಜಿಮೊನೆಯಷ್ಟು ಗುಂಡಗಿನ ತೂತುಗಳು. ದೋಸೆಯ ಮೇಲೇಳುತ್ತವಲ್ಲ, ಹಾಗೆ. ಅಚ್ಚಿಗೆ ಸುರಿದ ರಾಳದಲ್ಲಿ ಗಾಳಿ ಸಿಕ್ಕು ಆದ ಗುಳ್ಳೆಗಳು. ಕಡೆಗೆ ಸಿದ್ದಣ್ಣ ಮೇಣದಬತ್ತಿ ಹಚ್ಚಿ, ಸೂಜಿ ಕಾಯಿಸಿ, ಹುಳುವಿನ ಹೊಟ್ಟೆಯ ಕೆಳಗೆ ಚುಚ್ಚಿದ. ಸೂಜಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಸುಟ್ಟ ಪ್ಲಾಸ್ಟಿಕ್ ಬಕೀಟಿನಂಥ ವಾಸನೆಗೆ ಒಳಗೆ ಕೂತು ರಿಸಲ್ಟ್ ನೋಡುತ್ತಿದ್ದ ಕಾಲೇಜು ಹುಡುಗರೆಲ್ಲ ವೈರು ಸುಟ್ಟಿತೆಂದು ಹೊರಗೆ ಓಡಿದರು.

ಮಾರಿದವನಿಗೆ ಪತ್ರ ಬರೆದೆವು. "ಇದು ಸಂಪೂರ್ಣ ನೈಸರ್ಗಿಕ, ಸ್ವಲ್ಪ ದುರಸ್ತಿ ಮಾಡಲಾಗಿದೆ" ಎಂದು ಉತ್ತರ ಬಂತು. ಸಿದ್ದಣ್ಣ ಅದನ್ನು ಎರಡು ಸಲ ಓದಿ, "ದುರಸ್ತಿ ಮಾಡ್ತಾ ಮಾಡ್ತಾ ಹುಳಾನೇ ಹಾಕಿ ಬಿಟ್ಟಾನ" ಎಂದ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಇಷ್ಟು ಚಂದದ ಸುಳ್ಳನ್ನು ಕೂತು ಮಾಡುವವರು ಯಾರು, ಹೇಗೆ ಮಾಡುತ್ತಾರೆ ಎಂಬ ಕುತೂಹಲ. ಮುಂದಿನ ಒಂದೆರಡು ವರ್ಷ ನಾನು ಕೊಂಡದ್ದು ಕಡಿಮೆ, ಖೊಟ್ಟಿಗಳನ್ನು ನೋಡಿದ್ದೇ ಹೆಚ್ಚು. ಬೇರೆ ಬೇರೆ ಊರಿನ ಇಬ್ಬರು ಮಾರುವ ಎರಡು ಹುಳುಗಳ ಎಡಗಣ್ಣಿನ ಮೇಲೆ ಒಂದೇ ಕಡೆ ಒಂದೇ ಬಿರುಕು ಕಂಡರೆ ಅವು ಒಂದೇ ಅಚ್ಚಿನ ಅಣ್ಣತಮ್ಮಂದಿರು. ಖರೇ ಕಲ್ಲು ಒಡೆದರೆ ಬಿರುಕು ಹುಳುವನ್ನೂ ಸುತ್ತಲ ಕಲ್ಲನ್ನೂ ಒಟ್ಟಿಗೇ ಸೀಳಿಕೊಂಡು ಹೋಗುತ್ತದೆ. ಖೊಟ್ಟಿಯಲ್ಲಿ ಹುಳುವಿನ ಅಂಚಿಗೆ ಬಂದು, ಅಪರಿಚಿತರ ಮನೆಯ ಬಾಗಿಲಿಗೆ ಬಂದವರಂತೆ ನಿಂತುಬಿಡುತ್ತದೆ. ಮರದ ರಾಳದ ಹಳದಿ ಅಂಬರಿನೊಳಗಿನ ನೊಣ ಕೈಕಾಲು ಚೆಲ್ಲಿ ಸಾಯುತ್ತ ಒದ್ದಾಡಿರಬೇಕು; ಸ್ಟುಡಿಯೋದಲ್ಲಿ ಫೋಟೋಕ್ಕೆ ಕೂತಂತೆ ನಟ್ಟನಡುವೆ ನೆಟ್ಟಗೆ ಕೂತಿದ್ದರೆ ನಂಬಬಾರದು. ಆ ಅಂಬರನ್ನು ಗಟ್ಟಿ ಉಪ್ಪುನೀರಿಗೆ ಹಾಕಿದರೆ ತೇಲಬೇಕು, ಪ್ಲಾಸ್ಟಿಕ್ ಹೆಚ್ಚಾಗಿ ಮುಳುಗುತ್ತದೆ. ಇದನ್ನು ಪರೀಕ್ಷಿಸಿದ ದಿನ ನಮ್ಮ ಮನೆಯಲ್ಲಿ ಬೇಳೆಗೆ ಉಪ್ಪಿರಲಿಲ್ಲ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೊಣ ತೇಲ್ತೇನ್ರಿ?" ಎಂದು ಕೇಳಿದ ದನಿ ಈಗಲೂ ನೆನಪಿದೆ.

ಶಾಲೆಯಲ್ಲಿ ನನಗೆ "ಡೂಪ್ಲಿಕೇಟ್ ಮಾಸ್ತರ" ಎಂಬ ಹೆಸರು ಬಿತ್ತು. ನಾನು ಡೂಪ್ಲಿಕೇಟ್ ಹಿಡಿಯುವವನೋ, ನಾನೇ ಡೂಪ್ಲಿಕೇಟೋ ಎಂಬುದನ್ನು ಹೆಸರಿಟ್ಟವರು ಬಿಡಿಸಿ ಹೇಳಲಿಲ್ಲ. ಓಣಿಯವರು ಜೇನುತುಪ್ಪ, ರುದ್ರಾಕ್ಷಿ, ಹವಳದ ಉಂಗುರ ಎಲ್ಲ ತಂದು ತೋರಿಸತೊಡಗಿದರು. ಅಜ್ಜಿಯೊಬ್ಬಳ ಹವಳ ಗಾಜೆಂದು ಹೇಳಿ ಅವಳ ಮುಖ ನೋಡಿದ ಮೇಲೆ ನನ್ನ ಉತ್ಸಾಹ ಕೊಂಚ ಇಳಿಯಿತು. ಸಿದ್ದಣ್ಣನಿಗೆ ಇದನ್ನು ಹೇಳಿದಾಗ ಅವನು ಕೊರಳಿನ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡ. "ನನಗ ಗುರುಗಳು ಕಟ್ಟಿದ್ದು ಇದು. ಹೊರಗ ಕರೀ ಕವಚ ಅದ. ಒಳಗ ಎಂಥಾ ಕಲ್ಲದ ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಗೊತ್ತಾಗಬೇಕಂತ ಅನಸೂನೂ ಇಲ್ಲ. ಎಲ್ಲಾದಕ್ಕೂ ಸೂಜಿ ಹಿಡೀಬ್ಯಾಡ ನೀ."

ಅವನು ಹೀಗೆಂದ ಮುಂದಿನ ವಾರವೇ ಸುಲೇಪೇಟದಿಂದ ಗೋದಾ ಕಾಕಿಯ ಫೋನು ಬಂತು. "ರಾಘ್ಯಾ, ಭಾನುವಾರ ಬಾ. ಬರೂ ಮುಂದ ನಿನ್ನ ಸೂಜಿ ತಗೊಂಡು ಬಾ."

ಗೋದಾ ಕಾಕಿ ಎಂದರೆ ಅಪ್ಪನ ತಮ್ಮ ಶೀನು ಕಾಕಾನ ಹೆಂಡತಿ. ಕಾಕಾ ಸುಲೇಪೇಟದ ಹನುಮಪ್ಪನ ಗುಡಿಯ ಪೂಜಾರಿ. ಆ ವರ್ಷ ಅವನಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ, ಮಾತು ದಪ್ಪಗಾಗಿತ್ತು. ಗುಡಿಯ ಪೂಜೆಯನ್ನು ಗುಂಡಾಚಾರಿ ಎಂಬ ತರುಣ ವಹಿಸಿಕೊಂಡಿದ್ದ. ತೊಂದರೆ ಇದ್ದದ್ದು ಮನೆಯ ದೇವರದು. ನಮ್ಮ ಮನೆತನದಲ್ಲಿ ಸಾಲಿಗ್ರಾಮವನ್ನು ಹೆಂಗಸರು ಮುಟ್ಟುವಂತಿಲ್ಲ. ಮುಂಜಿವಿಯಾದ ಗಂಡಸು ಮಡಿಯಲ್ಲಿದ್ದು ಅಭಿಷೇಕ ಮಾಡಿ ನೈವೇದ್ಯ ತೋರಿಸುವವರೆಗೆ ಮನೆಯ ದೊಡ್ಡವರು ಉಣ್ಣುವಂತೆಯೂ ಇಲ್ಲ. ಗುಂಡಾಚಾರಿಯೇ ಬಂದು ಅದನ್ನೂ ಮಾಡಿಕೊಟ್ಟು ಹೋಗುತ್ತಿದ್ದ. ಪಾಪ, ಅವನಿಗೆ ಮೂರು ಊರಿನ ಗುಡಿ. ಮೊಪೆಡ್ಡು ಹತ್ತಿ ಅವನು ಇಲ್ಲಿಗೆ ಮುಟ್ಟುವ ಹೊತ್ತಿಗೆ ಒಮ್ಮೊಮ್ಮೆ ಮಧ್ಯಾಹ್ನ ಇಳಿದಿರುತ್ತಿತ್ತು. ಅಲ್ಲಿಯತನಕ ಕಾಕಿ ಉಪವಾಸ. ಕಾಕಾನೂ ಉಪವಾಸ. ಊಟವಾದ ಮೇಲೆ ತೆಗೆದುಕೊಳ್ಳಬೇಕಾದ ಅವನ ಗುಳಿಗೆಗಳೂ ಉಪವಾಸ. "ಸಾಲಿಗ್ರಾಮ ಸೇಡಂಗೆ ಕಳಿಸ್ರಿ, ನಾನೇ ಪೂಜಾ ಮಾಡ್ತೀನಿ" ಎಂದು ಅಪ್ಪ ಹೇಳಿಕಳಿಸಿದ್ದರು. ಕಾಕಾ ಎಡಗೈ ಅಲ್ಲಾಡಿಸಿ ಒಲ್ಲೆ ಎಂದಿದ್ದ.

ಭಾನುವಾರ ಮುಂಜಾನೆ ಮೊದಲ ಬಸ್ಸಿಗೆ ಹೋಗಿ ಇಳಿದೆ. ಪಡಸಾಲೆಯ ಹೊರಸಿನ ಮೇಲೆ ಕಾಕಾ ದಿಂಬಿಗೆ ಒರಗಿ ಕೂತಿದ್ದ. ನನ್ನನ್ನು ನೋಡಿ ಮುಖದ ಅರ್ಧ ನಕ್ಕಿತು. ಕಾಕಿ ನನ್ನನ್ನು ಸೀದಾ ಅಡುಗೆಮನೆಗೆ ಕರೆದೊಯ್ದಳು. ನೈವೇದ್ಯದ ಅನ್ನ ಆಗಲೇ ಆಗಿತ್ತು. ಗಂಧ ತೇಯ್ದು, ತುಳಸಿ ಬಿಡಿಸಿ ಇಟ್ಟಿದ್ದಳು. ಮದುವೆಯಾಗಿ ಬಂದಾಗಿನಿಂದ ಪೂಜೆಗೆ ಬೇಕಾದ್ದೆಲ್ಲವನ್ನೂ ಅವಳೇ ಮಾಡಿದ್ದಾಳೆ, ಕಡೆಯ ಆ ಒಂದು ಮೊಳದ ದೂರವನ್ನು ಬಿಟ್ಟು.

"ಸೂಜಿ ತಂದಿಯಿಲ್ಲೋ?"

"ತಂದೀನಿ. ಯಾಕ ಅಂತ ಮೊದಲ ಹೇಳು ಕಾಕಿ."

"ನಿಮ್ಮ ಕಾಕಾ ಈ ಸಾಲಿಗ್ರಾಮ ಎಲ್ಲಿ ತಗೊಂಡಾರ ಗೊತ್ತೇನು? ವಾಡಿ ಸ್ಟೇಷನ್ನಿನಾಗ. ಲಗ್ನಕ್ಕ ಮೊದಲ, ಗಾಡಿ ಬದಲಿ ಮಾಡೂ ಮುಂದ ಬೈರಾಗಿ ಒಬ್ಬಾಂವ ಕೊಟ್ಟನಂತ. ನಿಮ್ಮಪ್ಪ ಅವತ್ತಿನಿಂದ ನಗತಾರ. ಶೀನ್ಯಾ ಡಾಂಬರಿನ ಉಂಡಿ ತಂದಾನ ಅಂತ."

"ಅದು ಚ್ಯಾಷ್ಟಿ ಕಾಕಿ."

"ಚ್ಯಾಷ್ಟಿನೋ ಖರೇನೋ ನೀ ನೋಡಿಬಿಡು. ಖೊಟ್ಟಿ ಇತ್ತಂದ್ರ..." ಕಾಕಿ ಪಡಸಾಲೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. "ಖೊಟ್ಟಿ ಇತ್ತಂದ್ರ ನಾ ಮುಟ್ಟಬಹುದಲ್ಲ?"

ನಾನು ಅವಳ ಮುಖ ನೋಡಿದೆ. ಚೇಷ್ಟೆಯ ಸುಳಿವೇ ಇರಲಿಲ್ಲ. "ಡಾಂಬರಿನ ಉಂಡಿಗೆ ಯಾವ ಮಡಿ? ನಾನೇ ನೀರು ಹಾಕಿ, ತುಳಸಿ ಇಟ್ಟು, ಇವರಿಗೆ ಹೊತ್ತಿಗೆ ಸರಿ ಎರಡು ತುತ್ತು ಉಣಸ್ತೀನಿ. ಭಕ್ತಿಗೇನು ಕಮ್ಮಿ ಆಗಂಗಿಲ್ಲ. ಮೊನ್ನೆ ಹಸಿವಿಗೆ ಇವರು ಕಣ್ಣ ತೇಲಿಸಿ ಬಿಟ್ಟಿದ್ರೋ ರಾಘ್ಯಾ. ನನ್ನ ಕೈ ಕಾಲ ಆಡ್ಲಿಲ್ಲ."

ಮಾರುವವರು ಖರೇದೆಂದು ಹೇಳಲಿ ಎಂದು ಕಾಯುತ್ತಾರೆ, ಕೊಂಡವರೂ ಹಾಗೇ ಕಾಯುತ್ತಾರೆ. ಖೊಟ್ಟಿಯೆಂದು ಹೇಳಪ್ಪಾ ಎಂದು ಆಸೆಯಿಂದ ನನ್ನ ಎದುರು ನಿಂತವಳು ಗೋದಾ ಕಾಕಿ ಒಬ್ಬಳೇ.

ಮುಟ್ಟಬೇಕೆಂದರೆ ನಾನು ಮಡಿಯಾಗಬೇಕು. ತಣ್ಣೀರು ಸುರಿದುಕೊಂಡು, ಕಾಕಾನ ಒದ್ದೆ ಧೋತರ ಸುತ್ತಿಕೊಂಡು ನಡುಗುತ್ತ ಬಂದೆ. ಸಂಧ್ಯಾವಂದನೆಯಲ್ಲಿ ಎರಡು ಕಡೆ ತಪ್ಪಿದೆ. ಹೊರಸಿನಿಂದ ಕಾಕಾ ಎರಡು ಸಲವೂ ಗಂಟಲು ಸರಿಮಾಡಿಕೊಂಡ. ದೇವರ ಮುಂದೆ ಕೂತು ಭೂತಗನ್ನಡಿಯನ್ನು ಪಕ್ಕಕ್ಕಿಟ್ಟೆ. ಸೂಜಿಯನ್ನು ಕಾಕಿ ತಾನೇ ದೀಪದ ಬಳಿ ಇಟ್ಟಳು. ಅದನ್ನು ನೋಡಿ ಕಾಕಾನ ಎಡಗೈ ಹೊರಸಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತು. ಏಕೆ ಎಂದು ಅವನಿಗೆ ಕೇಳದೆಯೇ ಗೊತ್ತಿತ್ತೆಂದು ತೋರುತ್ತದೆ. ಅಣ್ಣನ ಡಾಂಬರಿನ ಮಾತು ಅವನ ಮನಸ್ಸಿನಲ್ಲೂ ಎಲ್ಲೋ ಕೂತಿರಬೇಕು.

ತಾಮ್ರದ ಸಂಪುಟ ತೆರೆದು ಕಲ್ಲನ್ನು ಅಂಗೈಗೆ ತೆಗೆದುಕೊಂಡೆ. ಭಾರವಿತ್ತು. ನನ್ನ ಕೈಗಿಂತ ತಣ್ಣಗಿತ್ತು. ಆದರೆ ಇವೆರಡೇ ಸಾಲವು. ಕಡೆದ ಕಲ್ಲೂ ಭಾರ, ಕಡೆದ ಕಲ್ಲೂ ತಂಪು. ಖರೇ ಸಾಲಿಗ್ರಾಮವೂ ಒಂದು ಪಳೆಯುಳಿಕೆಯೇ. ಒಂದು ಕಡೆ ಕಲ್ಲು ತೆರೆದುಕೊಂಡು ಒಳಗಿನ ಚಿಪ್ಪಿನ ಸುರುಳಿ ಕಾಣುತ್ತಿತ್ತು. ಗಾಜು ಹಿಡಿದೆ. ಗುಳ್ಳೆಯ ತೂತುಗಳಿಲ್ಲ, ಉಳಿಯ ಗೆರೆಗಳಿಲ್ಲ. ಸುರುಳಿಯ ಮೇಲಿನ ಪಕ್ಕೆಗಳು ಹೊರಗೆ ಬಂದಂತೆ ಅಗಲವಾಗುತ್ತ ಕವಲೊಡೆಯುತ್ತಿದ್ದವು. ಒಂದು ಸಣ್ಣ ಬಿಳಿ ಎಳೆ ಸುರುಳಿಯನ್ನೂ ಸುತ್ತಲ ಕಪ್ಪು ಕಲ್ಲನ್ನೂ ಒಟ್ಟಿಗೇ ದಾಟಿಹೋಗಿತ್ತು. ಆಮೇಲೆ, ಹೊರಸುತ್ತಿನಲ್ಲಿ, ನಾನು ಚಿತ್ರಗಳಲ್ಲಿ ಮಾತ್ರ ನೋಡಿದ್ದೊಂದು ಕಂಡಿತು. ಮೂರು ಪಕ್ಕೆಗಳು ಒಂದೇ ಕಡೆ ಚಿಂದಿಯಾಗಿ, ನಂತರದವು ಓರೆಯಾಗಿ ಬೆಳೆದು, ನಿಧಾನಕ್ಕೆ ಮತ್ತೆ ಸರಿದಾರಿಗೆ ಬಂದಿದ್ದವು. ಬದುಕಿದ್ದಾಗ ಯಾವುದೋ ಮೀನೋ ಏಡಿಯೋ ಕಚ್ಚಿದೆ. ಪ್ರಾಣಿ ಸಾಯದೆ ತನ್ನ ಚಿಪ್ಪಿಗೆ ತೇಪೆ ಹಾಕಿಕೊಂಡು ಮುಂದೆ ಬೆಳೆದಿದೆ. ಖೊಟ್ಟಿ ಮಾಡುವವನು ಅಂದವನ್ನು ಮಾಡುತ್ತಾನೆ, ಮಾದು ಹೋದ ಗಾಯವನ್ನು ಮಾಡುವುದಿಲ್ಲ.

ಕಾಕಿ ಒಂದು ಮೊಳ ದೂರದಲ್ಲಿ ಮೈ ಹಿಡಿಮಾಡಿಕೊಂಡು ಕೂತಿದ್ದಳು. "ನೋಡ್ತಿಯೇನು?" ಎಂದು ಕೇಳಿ, ಕಲ್ಲನ್ನು ನನ್ನ ಅಂಗೈಯಲ್ಲೇ ಇಟ್ಟುಕೊಂಡು ಅವಳ ಕಣ್ಣಿಗೆ ಗಾಜು ಹಿಡಿದೆ. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಎಷ್ಟೋ ಹೊತ್ತು ಬಗ್ಗಿಯೇ ಇದ್ದಳು.

"ಇಷ್ಟು ಸಮೀಪ ನಾ ಎಂದೂ ನೋಡಿದ್ದಿಲ್ಲಪಾ. ತುಳಸಿ ಕೆಳಗ ಕರ್ರಗ ಕಾಣತಿತ್ತು, ಅಷ್ಟೇ." ಆಮೇಲೆ, "ಇಲ್ಲಿ ಏನಾಗೇದೋ ಇದಕ್ಕ?" ಎಂದಳು. ಅವಳ ಕಣ್ಣು ಸರಿಯಾಗಿ ಆ ಗಾಯದ ಮೇಲೇ ನಿಂತಿತ್ತು. ನಾನು ಹೇಳಿದೆ: ಇದು ಸಮುದ್ರದ ಜೀವಿ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ್ದು, ಯಾವುದೋ ಕಚ್ಚಿದೆ, ಮಾದಿದೆ.

"ಅಂದ್ರ..."

ಆ ಕ್ಷಣದಲ್ಲಿ ನನ್ನ ನಾಲಿಗೆಯ ತುದಿಯಲ್ಲಿ ಇದ್ದದ್ದು ಒಂದು ಸಣ್ಣ ಸುಳ್ಳು. ಖೊಟ್ಟಿ ಎಂದರೆ ಕಾಕಿ ನಾಳೆಯಿಂದ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಉಣ್ಣಿಸುತ್ತಾಳೆ. ಆದರೆ ಹೊರಸಿನ ಮೇಲಿನ ಆ ಎಡಗೈ ಇನ್ನೂ ಅಂಚನ್ನು ಬಿಟ್ಟಿರಲಿಲ್ಲ. ಇಷ್ಟು ವರ್ಷ ಒಂದು ದಿನವೂ ತಪ್ಪದೆ ಈ ಕಲ್ಲಿಗೆ ನೀರೆರೆದ ಬಲಗೈ ಈಗ ಅವನ ಮಗ್ಗುಲಲ್ಲಿ ಸತ್ತಂತೆ ಬಿದ್ದಿತ್ತು.

"ಖರೇದದ ಕಾಕಿ" ಎಂದೆ. "ಸೂಜಿ ಬ್ಯಾಡ."

ಕಾಕಾ ಹೊರಸನ್ನು ಒಮ್ಮೆ ಬಡಿದ. "ನಾ ಹೇಳಿದ್ದಿಲ್ಲೇನು!" ಎಂಬುದು ಅವನ ಬಾಯಿಂದ ಹೇಗೋ ಹೊರಬಿತ್ತು. ಕಣ್ಣಲ್ಲಿ ನೀರು. ಕಾಕಿ ಮುಚ್ಚಿಟ್ಟ ನೈವೇದ್ಯದ ಪಾತ್ರೆಯನ್ನು ನೋಡಿದಳು, ಗೋಡೆಯ ಗಡಿಯಾರವನ್ನು ನೋಡಿದಳು, ಗೂಡಿನಲ್ಲಿದ್ದ ಗುಳಿಗೆಯ ಪೊಟ್ಟಣವನ್ನು ನೋಡಿದಳು. ಇವತ್ತು ನಾನಿದ್ದೇನೆ, ನಾಳೆ? ನಾನು ಯಾಕಾದರೂ ಬಾಯಿ ಬಿಟ್ಟೆನೋ ಎನ್ನಿಸಿ ಕಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

"ರಾಘ್ಯಾ" ಎಂದಳು ಕಾಕಿ. "ಇದಕ್ಕ ಜೀವ ಇತ್ತಂದೆಲ್ಲ."

"ಹೂಂ."

"ಹೆಣ್ಣಿತ್ತೋ, ಗಂಡಿತ್ತೋ?"

ನನ್ನ ಇಷ್ಟು ವರ್ಷದ ಹುಚ್ಚಿನಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಉತ್ತರ ಮಾತ್ರ ಎಲ್ಲೋ ಓದಿದ್ದು ನೆನಪಿತ್ತು. "ಖಾತ್ರಿ ಹೇಳ್ಲಿಕ್ಕೆ ಬರಂಗಿಲ್ಲ ಕಾಕಿ. ಒಂದೇ ಜಾತಿಯೊಳಗ ಒಂದು ದೊಡ್ಡದು ಒಂದು ಸಣ್ಣದು ಹಿಂಗ ಎರಡು ನಮೂನಿ ಸಿಗ್ತಾವ. ದೊಡ್ಡದು ಹೆಣ್ಣಿರಬೇಕು, ತತ್ತಿಗೆ ಜಾಗಾ ಬೇಕಲ್ಲ, ಅಂತ ಓದಿದವರು ಅಂತಾರ. ಜೋಡಿ ಇಟ್ಟು ನೋಡಿದ್ರನ ಗೊತ್ತಾಗೂದು."

"ಇದು ದೊಡ್ಡದೋ, ಸಣ್ಣದೋ?"

ಅಂಗೈ ನೋಡಿಕೊಂಡೆ. ತುಂಬಿತ್ತು. "ದೊಡ್ಡದ ಕಾಣಸ್ತದ."

"ಆತು ಮತ್ತ" ಎಂದು ಕಾಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಸರಿದಳು. ಹೊರಸಿನಿಂದ ಕಾಕಾ ಬಹಳ ಕಷ್ಟಪಟ್ಟು, "ಅದು... ನಾರಾಯಣ" ಎಂದ.

"ಅಲ್ಲ ಅಂತ ನಾ ಎಲ್ಲಿ ಅಂದೆ? ಹೆಣ್ಣೊಂದು ಕಟ್ಟಿದ ಮನ್ಯಾಗ ಕುಂತಾನ, ಅಷ್ಟ ನಾ ಅನ್ನೂದು. ಕಚ್ಚಿಸಿಕೊಂಡ್ರೂ ಮನಿ ಬಿಟ್ಟಿಲ್ಲ ಆಕಿ, ತೇಪಿ ಹಾಕ್ಕೊಂಡು ನಡಿಸ್ಯಾಳ. ಆಕಿ ಮುಟ್ಟಿದ್ದಕ್ಕ ನಾರಾಯಣ ಏನೂ ಅಂದಿಲ್ಲ. ನಾ ಮುಟ್ಟಿದ್ರ ಅಂತಾನೇನು?"

 ನಾನು ಇಬ್ಬರ ನಡುವೆ, ಒದ್ದೆ ಧೋತರದಲ್ಲಿ, ಕಲ್ಲು ಹಿಡಿದುಕೊಂಡು ಕೂತಿದ್ದೆ. ಕಾಕಾ ಅವಳನ್ನೇ ನೋಡುತ್ತಿದ್ದ. ಅವನ ಮುಖದ ಬದುಕಿದ್ದ ಅರ್ಧದಲ್ಲಿ ಸಿಟ್ಟು ಬರುತ್ತದೋ ಅಳು ಬರುತ್ತದೋ ತಿಳಿಯಲಿಲ್ಲ. ಕಡೆಗೆ ಬಂದದ್ದು ಒಂದು ಪ್ರಶ್ನೆ.

"ಜಳಕ... ಆಗೇದಿಲ್ಲೋ?"

"ಬೆಳಕು ಹರಿಯೂಕಿಂತ ಮೊದಲ ಆಗೇದ."

ಕಾಕಾ ಕಣ್ಣು ಮುಚ್ಚಿ, ದಪ್ಪ ನಾಲಿಗೆಯಲ್ಲಿ, ಅಕ್ಷರ ಅಕ್ಷರವಾಗಿ ಮಂತ್ರ ಶುರುಮಾಡಿದ. ನಾನು ಕಲ್ಲನ್ನು ಕಾಕಿಯ ಅಂಗೈಗೆ ಇಟ್ಟೆ. ಅವಳು ಅದನ್ನು ಹಿಡಿದ ರೀತಿಯನ್ನು ಹೇಗೆ ಹೇಳಲಿ; ಬಾಣಂತಿಯ ಕೋಣೆಯಲ್ಲಿ ಕೂಸನ್ನು ಈಸಿಕೊಳ್ಳುವವರು ಹಾಗೆ ಹಿಡಿಯುತ್ತಾರೆ. "ಎಷ್ಟು ತಣ್ಣಗ ಅದೋ" ಎಂದಳು, ಯಾರಿಗೂ ಅಲ್ಲ. ತಟ್ಟೆಯಲ್ಲಿಟ್ಟು ನೀರು ಬಿಟ್ಟಳು. ಒಮ್ಮೆಲೇ ಬಿದ್ದ ನೀರು ತಟ್ಟೆಯಾಚೆ ಚೆಲ್ಲಿತು. ಕಾಕಾ ಮಂತ್ರ ನಿಲ್ಲಿಸಿ, ಕಣ್ಣು ತೆರೆಯದೆಯೇ, "ಸಣ್ಣಗ... ಬಿಡು" ಎಂದು ಗದರಿ, ಮತ್ತೆ ಮಂತ್ರ ಮುಂದುವರಿಸಿದ.

ಗುಂಡಾಚಾರಿಯ ಮೊಪೆಡ್ಡಿನ ಸದ್ದು ಕೇಳಿಸಿದಾಗ ನಾವು ಉಂಡು, ಕಾಕಾ ಗುಳಿಗೆ ನುಂಗಿ, ಕಾಕಿ ಎಲೆ ಎತ್ತಿಯಾಗಿತ್ತು. ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದವನು ದೇವರ ಮುಂದಿನ ಹೊಸ ತುಳಸಿಯನ್ನು ನೋಡಿ ನಿಂತ. ಕಾಕಿ ತೀರ್ಥದ ಬಟ್ಟಲು ಹಿಡಿದು ಬಂದಳು. ಅವನು ತಲೆಬಾಗಿ ಕೈಯೊಡ್ಡಿ, ತೀರ್ಥ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು, ನನ್ನ ಕಡೆ ತಿರುಗಿದ.

"ಪೂಜಾ ನೀವ ಮಾಡಿದ್ರೇನ್ರಿ ಇವತ್ತು?"

ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಸಿನ ಮೇಲಿಂದ, ಅಂದು ಅವನಾಡಿದ ಮಾತುಗಳಲ್ಲೆಲ್ಲ ಸ್ಪಷ್ಟವಾದ ದನಿಯಲ್ಲಿ, ಕಾಕಾ ಹೇಳಿದ:

"ಮನ್ಯಾನವರು ಮಾಡ್ಯಾರ. ನಾಳಿಂದ ನೀ ಅವಸರ ಮಾಡಬ್ಯಾಡ."